ಹಿರಿಯರಿಗೆ ಮೂತ್ರ, ಮಲ ಹಿಡಿದುಕೊಳ್ಳಲಾಗದಿದ್ದಾಗ: ಕುಟುಂಬಕ್ಕೂ ಮನೆಯಲ್ಲೇ ಇರುವ ಆರೈಕೆದಾರರಿಗೂ ಮಾರ್ಗದರ್ಶಿ

ವಯಸ್ಸಾದವರಿಗೆ ಮೂತ್ರ ಹಿಡಿದುಕೊಳ್ಳಲು ಆಗದಂತಾದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಮಾಡುವ ಕೆಲಸವೆಂದರೆ ಡೈಪರ್ ತರಿಸುವುದು. ವಾಸ್ತವದಲ್ಲಿ ಅದು ಕೊನೆಗೆ ಬರಬೇಕಾದ ಕೆಲಸ. ವಯಸ್ಸಿನೊಂದಿಗೆ ಮೂತ್ರಕೋಶದ ಹಿಡಿತ ಸ್ವಲ್ಪ ಕುಗ್ಗುವುದು ನಿಜವಾದರೂ ಬಟ್ಟೆ, ಹಾಸಿಗೆ ಒದ್ದೆಯಾಗುವುದನ್ನು ಮುಪ್ಪಿನ ಸಹಜ ಲಕ್ಷಣವೆಂದು ಒಪ್ಪಿಕೊಂಡು ಕೂರಬೇಕಾಗಿಲ್ಲ. ಅದರ ಹಿಂದೆ ಕಾರಣವಿರುತ್ತದೆ, ಅನೇಕ ಸಲ ಆ ಕಾರಣವನ್ನು ಸರಿಪಡಿಸಬಹುದು, ಪೂರ್ತಿ ಸರಿಹೋಗದಿದ್ದರೂ ತೊಂದರೆಯನ್ನು ಬಹಳಷ್ಟು ತಗ್ಗಿಸಬಹುದು. ಮನೆಯಲ್ಲೇ ಉಳಿದು ಹಗಲೂ ರಾತ್ರಿ ನೋಡಿಕೊಳ್ಳುವ ಆರೈಕೆದಾರರಿದ್ದರೆ ಇದು ಇನ್ನಷ್ಟು ಸಾಧ್ಯ, ಏಕೆಂದರೆ ಯಾವ ಹೊತ್ತಿನಲ್ಲಿ, ಎಷ್ಟು, ಯಾವ ಸಂದರ್ಭದಲ್ಲಿ ಸೋರಿತು ಎಂಬುದನ್ನು ವೈದ್ಯರಿಗಿಂತಲೂ ಮಕ್ಕಳಿಗಿಂತಲೂ ಚೆನ್ನಾಗಿ ಬಲ್ಲವರು ಅವರೇ. ಅವರು ಕಂಡದ್ದು ವೈದ್ಯರಿಗೆ ತಲುಪುವಂತೆಯೂ ಅವರ ದೇಹ ಈ ದುಡಿಮೆಯನ್ನು ತಾಳುವಂತೆಯೂ ನೋಡಿಕೊಳ್ಳುವ ಹೊಣೆ ಕುಟುಂಬದ್ದು.

ಮೊದಲ ಹೆಜ್ಜೆ: ಮೂರು ದಿನದ ದಾಖಲೆ

ವೈದ್ಯರ ಬಳಿಗೆ ಹೋಗುವ ಮೊದಲು ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಡಿ. ಏನನ್ನು ಎಷ್ಟು ಕುಡಿದರು, ಎಷ್ಟು ಗಂಟೆಗೆ ಶೌಚಾಲಯಕ್ಕೆ ಹೋದರು, ಯಾವಾಗ ಸೋರಿತು, ಬಟ್ಟೆ ತುಸು ಒದ್ದೆಯಾಯಿತೋ ಪೂರ್ತಿ ತೊಯ್ದಿತೋ, ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಿದ್ದರು, ಮಲವಿಸರ್ಜನೆ ಆಯಿತೇ, ಆಗಿದ್ದರೆ ಗಟ್ಟಿಯಾಗಿತ್ತೇ ನೀರಾಗಿತ್ತೇ ಎಂಬುದೆಲ್ಲ ಅದರಲ್ಲಿರಲಿ. ಆರೈಕೆದಾರರಿಗೆ ಬರೆಯುವುದು ಕಷ್ಟವಾದರೆ ಗಂಟೆಗಳ ಪಟ್ಟಿ ಹಾಕಿಕೊಟ್ಟು ಗುರುತು ಮಾಡಲು ಹೇಳಬಹುದು, ಅಥವಾ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬಹುದು.

ಈ ದಾಖಲೆಯಿಂದ ತೊಂದರೆಯ ಸ್ವರೂಪ ಎದ್ದು ಕಾಣುತ್ತದೆ. ಕೆಮ್ಮಿದಾಗ, ಸೀನಿದಾಗ, ಕುರ್ಚಿಯಿಂದ ಏಳುವಾಗ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ ಮೂತ್ರಕೋಶಕ್ಕೆ ಆಸರೆಯಾಗಿರುವ ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲಗೊಂಡಿರಬಹುದು. ಇದ್ದಕ್ಕಿದ್ದಂತೆ ಅವಸರವಾಗಿ ಬಾಗಿಲು ತಲುಪುವ ಮೊದಲೇ ಆಗಿಬಿಡುತ್ತಿದ್ದರೆ ಮೂತ್ರಕೋಶ ಅತಿಯಾಗಿ ಸಂಕುಚಿಸುತ್ತಿರಬಹುದು. ಸದಾ ತೊಟ್ಟಿಕ್ಕುತ್ತಿದ್ದು, ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲವೆನಿಸುತ್ತಿದ್ದರೆ ಮೂತ್ರಕೋಶ ಖಾಲಿಯಾಗದೆ ತುಂಬಿ ಹೊರಚೆಲ್ಲುತ್ತಿರಬಹುದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಪುರುಷರಲ್ಲಿಯೂ ಬಹುಕಾಲದಿಂದ ಮಧುಮೇಹ ಇರುವವರಲ್ಲಿಯೂ ಹೀಗಾಗುವುದುಂಟು. ಇನ್ನೊಂದು ಬಗೆಯಲ್ಲಿ ಮೂತ್ರಕೋಶ ಸರಿಯಾಗಿಯೇ ಇರುತ್ತದೆ, ಆದರೆ ಮಂಡಿನೋವಿನಿಂದಲೋ ದೃಷ್ಟಿ ಮಂದವಾಗಿಯೋ ಮರೆವಿನಿಂದಲೋ ಹೊತ್ತಿಗೆ ಸರಿಯಾಗಿ ಶೌಚಾಲಯ ತಲುಪಲು ಆಗುವುದಿಲ್ಲ. ಈ ಕೊನೆಯ ಬಗೆಗೆ ಮಾತ್ರೆಗಿಂತ ಮನೆಯಲ್ಲಿ ಮಾಡುವ ಬದಲಾವಣೆಯೇ ಹೆಚ್ಚು ಫಲ ಕೊಡುತ್ತದೆ. ವಯಸ್ಸಾದವರಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳು ಒಟ್ಟಿಗೇ ಇರುವುದೂ ಸಾಮಾನ್ಯ.

ವೈದ್ಯರ ಬಳಿ ಕೇಳಬೇಕಾದದ್ದು

ದಾಖಲೆಯ ಜೊತೆಗೆ ಅವರು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೂತ್ರ ಹೆಚ್ಚಿಸುವ ಮಾತ್ರೆಗಳು, ನಿದ್ರೆ ಮಾತ್ರೆಗಳು, ಮಂಪರು ತರುವ ಅಲರ್ಜಿ ಮಾತ್ರೆಗಳು, ರಕ್ತದೊತ್ತಡ, ಮಧುಮೇಹ ಮತ್ತು ಖಿನ್ನತೆಗೆ ಕೊಡುವ ಕೆಲವು ಔಷಧಗಳು ಸೋರಿಕೆಯನ್ನು ಹುಟ್ಟಿಸಬಲ್ಲವು ಅಥವಾ ಹೆಚ್ಚಿಸಬಲ್ಲವು. ಎಷ್ಟೋ ಸಲ ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ಬದಲಿಸಿದರೂ ಸಾಕಾಗುತ್ತದೆ. ಆದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮೂತ್ರದ ಸೋಂಕು, ರಕ್ತದಲ್ಲಿನ ಸಕ್ಕರೆ, ಮಲಬದ್ಧತೆ, ಮೂತ್ರ ಮಾಡಿದ ಮೇಲೂ ಒಳಗೆ ಉಳಿದಿರುವ ಮೂತ್ರದ ಪ್ರಮಾಣ, ಇವನ್ನು ಪರೀಕ್ಷಿಸಬೇಕೇ ಎಂದು ಕೇಳಿ. ಮುಟ್ಟು ನಿಂತ ಬಳಿಕ ಜನನಾಂಗದ ಒಳಪದರ ತೆಳುವಾಗಿ ಒಣಗುವುದರಿಂದಲೂ ಮೂತ್ರದ ಅವಸರ ಮತ್ತು ಉರಿ ಉಂಟಾಗಬಹುದು. ಇದಕ್ಕೆ ವೈದ್ಯರು ಹಚ್ಚಲು ಕ್ರೀಮ್ ಕೊಡಬಲ್ಲರು. ಹಿರಿಯ ಮಹಿಳೆಯರು ಸಂಕೋಚದಿಂದ ಇದನ್ನು ಹೇಳುವುದಿಲ್ಲ, ಆದ್ದರಿಂದ ಜೊತೆಗೆ ಹೋದವರೇ ಮಾತು ತೆಗೆಯಬೇಕು.

ಮೂತ್ರಕ್ಕೆ ವಾಸನೆಯಿದೆ ಅಥವಾ ಅದು ಕಲಕಾಗಿದೆ ಎಂಬ ಒಂದೇ ಕಾರಣಕ್ಕೆ ಆ್ಯಂಟಿಬಯಾಟಿಕ್ ಕೊಡಿಸಲು ಅವಸರಪಡಬಾರದು. ವಯಸ್ಸಾದವರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದ ಬ್ಯಾಕ್ಟೀರಿಯಾಗಳು ಇರುವುದು ಸಾಮಾನ್ಯ. ಜ್ವರ, ಉರಿ, ಕೆಳಹೊಟ್ಟೆಯ ನೋವು, ಹೊಸದಾಗಿ ಕಾಣಿಸಿಕೊಂಡ ಗೊಂದಲ ಇವೆಯೇ ಎಂಬುದನ್ನು ವೈದ್ಯರಿಗೆ ತಿಳಿಸುವುದು ಮುಖ್ಯ.

ಹಿರಿಯರೊಂದಿಗೂ ಆರೈಕೆದಾರರೊಂದಿಗೂ ಮಾತು

ಏನೇ ಬದಲಾವಣೆ ಮಾಡುವ ಮೊದಲು ಹಿರಿಯರೊಂದಿಗೆ ಕುಳಿತು ಮಾತನಾಡಿ. ಮಕ್ಕಳ ಎದುರು ಒದ್ದೆ ಬಟ್ಟೆಯಲ್ಲಿ ಕಾಣಿಸಿಕೊಳ್ಳುವ ನಾಚಿಕೆಗಿಂತ ದೊಡ್ಡ ಸಂಕಟ ಅವರಿಗೆ ಬೇರೆ ಇರಲಾರದು. ಅದನ್ನು ಮುಚ್ಚಿಡಲು ಅವರು ನೀರು ಕುಡಿಯುವುದನ್ನು ಬಿಡುತ್ತಾರೆ, ಹೊರಗೆ ಹೋಗುವುದನ್ನು ನಿಲ್ಲಿಸುತ್ತಾರೆ, ಒದ್ದೆಯಾದ ಬಟ್ಟೆಯನ್ನು ಬೀರುವಿನ ಮೂಲೆಯಲ್ಲಿ ಬಚ್ಚಿಡುತ್ತಾರೆ. ಇದನ್ನು ಹಠವೆಂದು ತಿಳಿದು ಗದರಿದರೆ ಬಚ್ಚಿಡುವುದು ಹೆಚ್ಚುತ್ತದೆಯೇ ಹೊರತು ಸೋರಿಕೆ ಕಡಿಮೆಯಾಗುವುದಿಲ್ಲ. ಯಾರು ಸಹಾಯ ಮಾಡಿದರೆ ಅವರಿಗೆ ಸಮಾಧಾನ, ಬಾಗಿಲು ಎಷ್ಟು ಮುಚ್ಚಿರಬೇಕು, ಯಾವ ಕೆಲಸವನ್ನು ಅವರು ತಾವೇ ಮಾಡಿಕೊಳ್ಳಬಲ್ಲರು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ. ನೆಂಟರ ಎದುರು, ಫೋನಿನಲ್ಲಿ, ಅವರು ಕೇಳಿಸಿಕೊಳ್ಳುವಂತೆ ಈ ವಿಷಯ ಎತ್ತುವುದಿಲ್ಲವೆಂದು ಮನೆಯವರೆಲ್ಲರೂ ಒಪ್ಪಿಕೊಳ್ಳಬೇಕು.

ಆರೈಕೆದಾರರನ್ನು ನೇಮಿಸಿಕೊಳ್ಳುವಾಗಲೇ ಈ ಕೆಲಸದ ಬಗ್ಗೆ ಬಿಚ್ಚಿ ಹೇಳಬೇಕು. ಮಲಮೂತ್ರದ ಶುಚಿ ಮಾಡಬೇಕಾದೀತು, ರಾತ್ರಿ ಇಷ್ಟು ಸಲ ಏಳಬೇಕಾದೀತು ಎಂಬುದನ್ನು ಮುಚ್ಚಿಟ್ಟು ಕರೆತಂದರೆ ಅವರು ಉಳಿಯುವುದಿಲ್ಲ, ಉಳಿದರೂ ಮನಸ್ಸಿಟ್ಟು ಮಾಡುವುದಿಲ್ಲ. ಗ್ಲೌಸ್, ಏಪ್ರನ್, ಸಾಬೂನು, ಪ್ಯಾಡ್‌ಗಳು ಎಂದೂ ತೀರಿಹೋಗದಂತೆ ನೋಡಿಕೊಳ್ಳುವುದು, ಹಾಸಿಗೆಯಿಂದ ಎಬ್ಬಿಸುವ ಮತ್ತು ಮಗ್ಗಲು ಬದಲಿಸುವ ಸರಿಯಾದ ಕ್ರಮವನ್ನು ನರ್ಸ್ ಅಥವಾ ಫಿಸಿಯೋಥೆರಪಿಸ್ಟರಿಂದ ಕಲಿಸಿಕೊಡುವುದು ಮನೆಯವರ ಕರ್ತವ್ಯ.

ಶೌಚಾಲಯಕ್ಕೆ ದಾರಿ ಸುಗಮವಾಗಲಿ

ಹಾಸಿಗೆಯಿಂದ ಶೌಚಾಲಯದವರೆಗೆ ಹಿರಿಯರ ಜೊತೆ ಒಮ್ಮೆ ನಡೆದು ನೋಡಿ. ಮಡಚಿಕೊಳ್ಳುವ ಚಾಪೆ, ದಾರಿಯಲ್ಲಿ ಬಿದ್ದಿರುವ ವೈರು, ಎತ್ತರದ ಹೊಸ್ತಿಲು, ಕತ್ತಲೆಯ ಮೂಲೆ, ಇವೆಲ್ಲ ಅವಸರದಲ್ಲಿ ಬೀಳಿಸುವ ಕಾರಣಗಳು. ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ, ನೆಲ ಜಾರದಂತೆ ಮಾಡಿ, ಕಮೋಡಿನ ಆಸನ ತಗ್ಗಾಗಿದ್ದರೆ ಎತ್ತರಿಸುವ ಆಸನ ಜೋಡಿಸಿ. ಒಳಗಿನಿಂದ ಚಿಲಕ ಹಾಕಿಕೊಂಡರೂ ಹೊರಗಿನಿಂದ ತೆರೆಯುವಂತಿರಲಿ. ನಡೆಯಲು ಬಹಳ ಹೊತ್ತು ಬೇಕಾಗುವವರಿಗೆ ಹಾಸಿಗೆಯ ಪಕ್ಕದಲ್ಲಿ ಕಮೋಡ್ ಕುರ್ಚಿ, ಪುರುಷರಿಗೆ ಕೈಗೆ ಸಿಗುವಂತೆ ಮೂತ್ರದ ಬಾಟಲಿ ಇಟ್ಟರೆ ಅರ್ಧ ತೊಂದರೆ ಮುಗಿದಂತೆ. ಗುಂಡಿ, ಲಾಡಿ, ಜಿಪ್ಪುಗಳ ಬದಲು ಎಲಾಸ್ಟಿಕ್ ಸೊಂಟದ ಅಥವಾ ಸುಲಭವಾಗಿ ಮೇಲೆತ್ತಬಹುದಾದ ಉಡುಪು ಕೊಡಿ.

ಮರೆವಿನ ಕಾಯಿಲೆ ಇರುವವರಿಗೆ ಬಾಗಿಲ ಮೇಲೆ ದೊಡ್ಡ ಚಿತ್ರ ಅಂಟಿಸುವುದು, ಬಾಗಿಲನ್ನು ತೆರೆದಿಟ್ಟು ಕಮೋಡ್ ಕಣ್ಣಿಗೆ ಬೀಳುವಂತೆ ಮಾಡುವುದು, ಬಿಳಿ ಕಮೋಡಿಗೆ ಗಾಢ ಬಣ್ಣದ ಆಸನ ಹಾಕುವುದು ನೆರವಾಗುತ್ತದೆ. ಅವರು ಬಾಯಿಬಿಟ್ಟು ಹೇಳಲಾರರು; ಚಡಪಡಿಕೆ, ಬಟ್ಟೆ ಎಳೆದಾಡುವುದು, ಕಾರಣವಿಲ್ಲದೆ ಎದ್ದು ಓಡಾಡುವುದು, ಇವು ಅವರ ಸೂಚನೆಗಳು.

ಹೊತ್ತಿಗೆ ಸರಿಯಾಗಿ ಕರೆದೊಯ್ಯುವ ಅಭ್ಯಾಸ

ಇಡೀ ಕ್ರಮದಲ್ಲಿ ಅತ್ಯಂತ ಫಲಕಾರಿಯಾದದ್ದು ಇದೇ ಎಂದು ನನ್ನ ನಂಬಿಕೆ, ಮತ್ತು ಮನೆಯಲ್ಲೇ ಇರುವ ಆರೈಕೆದಾರರಿಲ್ಲದೆ ಇದನ್ನು ನಡೆಸುವುದು ಕಷ್ಟ. ಮೂರು ದಿನದ ದಾಖಲೆ ನೋಡಿ ಸೋರಿಕೆಗಳ ನಡುವಿನ ಅಂತರ ಕಂಡುಕೊಳ್ಳಿ. ಹೆಚ್ಚಾಗಿ ಎರಡೂವರೆ ಗಂಟೆಗೊಮ್ಮೆ ಒದ್ದೆಯಾಗುತ್ತಿದ್ದರೆ ಎರಡು ಗಂಟೆಗೊಮ್ಮೆ ಕರೆದೊಯ್ಯುವುದರಿಂದ ಆರಂಭಿಸಿ. ಬೆಳಿಗ್ಗೆ ಎದ್ದ ಕೂಡಲೇ, ಊಟ ತಿಂಡಿಯ ನಂತರ, ಹೊರಗೆ ಹೊರಡುವ ಮೊದಲು ಮತ್ತು ಮಲಗುವ ಮೊದಲು ಅಂತರ ಲೆಕ್ಕಿಸದೆ ಒಮ್ಮೆ ಕರೆದೊಯ್ಯಬೇಕು. ಹೋಗುವಾಗ ಆಜ್ಞೆಯ ದನಿ ಬೇಡ. ಬಟ್ಟೆ ಒಣಗಿದೆಯೇ ಒದ್ದೆಯಾಗಿದೆಯೇ ಎಂದು ಮೆಲ್ಲಗೆ ಕೇಳಿ, ಹೋಗಿಬರೋಣವೇ ಎಂದು ಕರೆದು, ಒಣಗಿದ್ದರೆ ಒಳ್ಳೆಯ ಮಾತಾಡಿ. ಒಪ್ಪದಿದ್ದರೆ ಬಲವಂತ ಮಾಡದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಕುಳಿತಾಗ ಪಾದಗಳು ನೆಲಕ್ಕೆ ಊರಿರಲಿ, ಅವಸರಪಡಿಸಬೇಡಿ. ಒಮ್ಮೆ ಆದ ಮೇಲೆ ಒಂದೆರಡು ನಿಮಿಷ ತಡೆದು, ತುಸು ಮುಂದಕ್ಕೆ ಬಾಗಿ ಮತ್ತೊಮ್ಮೆ ಪ್ರಯತ್ನಿಸಿದರೆ ಉಳಿದದ್ದೂ ಹೊರಬರುತ್ತದೆ.

ನೆನಪು, ತಿಳಿವಳಿಕೆ ಚೆನ್ನಾಗಿರುವವರು ಇನ್ನೂ ಎರಡು ಕೆಲಸ ಮಾಡಬಹುದು. ಅವಸರ ಬಂದ ಕೂಡಲೇ ಓಡದೆ, ಕುಳಿತಲ್ಲೇ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಕೆಲವು ಸಲ ಬಿಗಿದು, ಅವಸರ ತಗ್ಗಿದ ಮೇಲೆ ನಿಧಾನವಾಗಿ ಹೋಗುವುದು. ಒಂದು ವಾರ ಒಣಗಿದ್ದರೆ ಅಂತರವನ್ನು 15 ನಿಮಿಷ ಹೆಚ್ಚಿಸುವುದು. ಎರಡನೆಯದು ಅದೇ ಸ್ನಾಯುಗಳ ವ್ಯಾಯಾಮ. ವಾಯು ಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಉಸಿರು ಕಟ್ಟದೆ ಬಿಗಿಹಿಡಿದು, ಎರಡು ಮೂರು ಸೆಕೆಂಡುಗಳಿಂದ ಆರಂಭಿಸಿ ಕ್ರಮೇಣ ಹತ್ತು ಸೆಕೆಂಡುಗಳವರೆಗೆ ಒಯ್ದು, ಒಂದು ಸರದಿಗೆ ಹತ್ತು ಸಲದಂತೆ ದಿನಕ್ಕೆ ಮೂರು ಸರದಿ ಮಾಡಬೇಕು. ಇದರ ಫಲ ಕಾಣಲು ಸುಮಾರು ಮೂರು ತಿಂಗಳು ಬೇಕು. ಎರಡು ವಾರಕ್ಕೇ ಕೈಬಿಟ್ಟರೆ ಪ್ರಯೋಜನವಿಲ್ಲ.

ನೀರನ್ನು ಕಡಿಮೆ ಮಾಡಬೇಡಿ

ಹಾಸಿಗೆ ಒದ್ದೆಯಾಗುತ್ತದೆಂದು ನೀರು ಕೊಡದಿರುವುದು ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಅವಸರ ಹೆಚ್ಚುತ್ತದೆ, ಮಲ ಗಟ್ಟಿಯಾಗುತ್ತದೆ, ಸೋಂಕಿನ ಅಪಾಯವೂ ತಲೆತಿರುಗಿ ಬೀಳುವ ಅಪಾಯವೂ ಏರುತ್ತವೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ಮಿತಿ ಹಾಕಿರದಿದ್ದರೆ ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ದ್ರವ ಹೆಚ್ಚಿನವರಿಗೆ ಬೇಕು. ಬದಲಿಸಬೇಕಾದದ್ದು ಹೊತ್ತನ್ನು: ಹೆಚ್ಚಿನ ಪಾಲು ಬೆಳಗಿನಿಂದ ಸಂಜೆಯೊಳಗೆ ಕುಡಿಸಿ, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಕಾಫಿ, ಚಹ, ಮದ್ಯ ಅವಸರವನ್ನು ಹೆಚ್ಚಿಸುವುದರಿಂದ ಸಂಜೆಯ ಮೇಲೆ ಅವನ್ನು ತಪ್ಪಿಸುವುದು ಒಳ್ಳೆಯದು.

ಹೊಟ್ಟೆಯ ಕಡೆಗೂ ಗಮನ

ಮಲ ಗಟ್ಟಿಯಾಗಿ ಗುದದ್ವಾರದ ಮೇಲ್ಭಾಗದಲ್ಲಿ ಕಟ್ಟಿಕೊಂಡಾಗ ಅದು ಮೂತ್ರಕೋಶವನ್ನು ಒತ್ತಿ ಮೂತ್ರವೂ ಸೋರುವಂತೆ ಮಾಡುತ್ತದೆ. ಇನ್ನೂ ಮೋಸಗೊಳಿಸುವ ಸಂಗತಿಯೆಂದರೆ, ಕಟ್ಟಿಕೊಂಡ ಗಟ್ಟಿ ಮಲದ ಸುತ್ತ ನೀರಾದ ಮಲ ಜಿನುಗಿ ಬಟ್ಟೆಗೆ ಅಂಟುತ್ತದೆ. ನೋಡಿದವರಿಗೆ ಅದು ಭೇದಿಯಂತೆ ಕಾಣುತ್ತದೆ. ಆಗ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಪರಿಸ್ಥಿತಿ ಕೆಡುತ್ತದೆ. ಹಲವು ದಿನ ಸರಿಯಾಗಿ ಮಲವಿಸರ್ಜನೆಯಾಗದೆ ಇದ್ದಕ್ಕಿದ್ದಂತೆ ನೀರಾದ ಮಲ ಜಿನುಗತೊಡಗಿದರೆ ಮೊದಲು ವೈದ್ಯರಿಗೆ ತೋರಿಸಿ.

ಆಹಾರ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುವುದರಿಂದ ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ದಿನವೂ ಒಂದೇ ಹೊತ್ತಿಗೆ ಕೂರಿಸುವುದು ಒಳ್ಳೆಯ ಅಭ್ಯಾಸ. ಪಾದಗಳ ಕೆಳಗೆ ಸಣ್ಣ ಮಣೆ ಇಟ್ಟು ಮಂಡಿಗಳು ಸೊಂಟಕ್ಕಿಂತ ತುಸು ಮೇಲಿರುವಂತೆ ಮಾಡಿದರೆ ತಿಣುಕದೆಯೇ ಆಗುತ್ತದೆ. ನಾರಿನಂಶವನ್ನು ನಿಧಾನವಾಗಿ, ನೀರಿನೊಂದಿಗೆ ಹೆಚ್ಚಿಸಬೇಕು.

ಪ್ಯಾಡ್, ಡೈಪರ್ ಆರಿಸುವುದು

ಮೇಲಿನದೆಲ್ಲ ಮಾಡಿಯೂ ಸೋರಿಕೆ ಉಳಿದಾಗ ಹೀರುವ ಉಡುಪುಗಳ ಆಸರೆ ಬೇಕು. ನಡೆದಾಡುವವರಿಗೆ ಒಳಉಡುಪಿನಂತೆ ಎಳೆದು ಹಾಕಿಕೊಳ್ಳುವ ಬಗೆ, ಹಾಸಿಗೆಯಲ್ಲೇ ಇರುವವರಿಗೆ ಪಕ್ಕದಲ್ಲಿ ಪಟ್ಟಿ ಅಂಟಿಸುವ ಬಗೆ ಅನುಕೂಲ. ಸ್ವಲ್ಪವೇ ಸೋರುವವರಿಗೆ ಒಳಉಡುಪಿಗೆ ಅಂಟಿಸುವ ಮೂತ್ರದ ಪ್ಯಾಡ್ ಸಾಕು. ಮುಟ್ಟಿನ ಪ್ಯಾಡ್ ಮೂತ್ರವನ್ನು ಅಷ್ಟು ಬೇಗ ಹೀರುವುದಿಲ್ಲ, ಚರ್ಮ ಒದ್ದೆಯಾಗಿಯೇ ಉಳಿಯುತ್ತದೆ. ಸೊಂಟದ ಅಳತೆ ನೋಡಿಯೇ ಕೊಳ್ಳಿ. ದೊಡ್ಡದಾದರೆ ಹೆಚ್ಚು ಹೀರುತ್ತದೆಂಬುದು ತಪ್ಪು ಎಣಿಕೆ, ತೊಡೆಯ ಸಂದಿನಿಂದ ಸೋರುತ್ತದೆ. ಒಂದರೊಳಗೆ ಒಂದು ಎರಡು ಹಾಕುವುದೂ ಬೇಡ. ಕೆಳಗಿನದಕ್ಕೆ ದ್ರವ ಇಳಿಯದೆ ಬಿಸಿ ಮತ್ತು ತೇವ ಹೆಚ್ಚುತ್ತದೆ.

ಶುಚಿ ಮತ್ತು ಚರ್ಮದ ಕಾಳಜಿ

ಮೂತ್ರದಲ್ಲಿರುವ ಯೂರಿಯಾ ಚರ್ಮದ ಮೇಲೆ ಅಮೋನಿಯಾ ಆಗಿ ಮಾರ್ಪಟ್ಟು, ಸಹಜವಾಗಿ ತುಸು ಆಮ್ಲೀಯವಾಗಿರುವ ಚರ್ಮದ ರಕ್ಷಣೆಯನ್ನು ಕೆಡಿಸುತ್ತದೆ. ಮಲವೂ ಸೇರಿದರೆ ಹಾನಿ ಇನ್ನೂ ಬೇಗ. ಆದ್ದರಿಂದ ಮಲವಾದ ಕೂಡಲೇ, ಮೂತ್ರ ತುಂಬಿದ ಕೂಡಲೇ ಬದಲಿಸಬೇಕು. ಹಾಸಿಗೆಯಲ್ಲಿರುವವರಿಗೆ ಕ್ರಮ ಹೀಗಿರಲಿ:

1. ಹೊಸ ಪ್ಯಾಡ್, ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಕ್ರೀಮ್, ಕಸದ ಚೀಲ ಎಲ್ಲವನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡು, ಬಾಗಿಲು ಮುಚ್ಚಿ, ಏನು ಮಾಡಲಿದ್ದೀರೆಂದು ಹಿರಿಯರಿಗೆ ಹೇಳಿ. ಕೈತೊಳೆದು ಗ್ಲೌಸ್ ಹಾಕಿಕೊಳ್ಳಿ.

2. ಪಟ್ಟಿ ಬಿಚ್ಚಿ, ಮುಂಭಾಗವನ್ನು ಒರೆಸಿ, ಮಂಡಿ ಮಡಚಿಸಿ ಒಂದು ಮಗ್ಗುಲಿಗೆ ಹೊರಳಿಸಿ. ತೋಳು ಹಿಡಿದು ಎಳೆಯಬೇಡಿ. ಭುಜ ಮತ್ತು ಸೊಂಟದ ಮೇಲೆ ಕೈಯಿಟ್ಟು ಹೊರಳಿಸಿ.

3. ಕೊಳೆಯಾದ ಭಾಗ ಒಳಗೆ ಬರುವಂತೆ ಪ್ಯಾಡನ್ನು ಸುತ್ತಿ ತೆಗೆಯಿರಿ. ಮುಂದಿನಿಂದ ಹಿಂದಕ್ಕೆ ಮಾತ್ರ ಒರೆಸಿ, ಪ್ರತಿ ಸಲವೂ ಬಟ್ಟೆಯ ಹೊಸ ಭಾಗ ಬಳಸಿ. ಮಹಿಳೆಯರಲ್ಲಿ ಇದನ್ನು ತಪ್ಪಿದರೆ ಮಲದ ಬ್ಯಾಕ್ಟೀರಿಯಾ ಮೂತ್ರನಾಳ ಸೇರುತ್ತದೆ.

4. ಉಜ್ಜದೆ ಒತ್ತಿ ಒಣಗಿಸಿ. ಗ್ಲೌಸ್ ಬದಲಿಸಿ, ರಕ್ಷಕ ಕ್ರೀಮನ್ನು ತೆಳುವಾಗಿ ಸವರಿ, ಹೊಸ ಪ್ಯಾಡ್ ಹಾಕಿ. ಗ್ಲೌಸ್ ತೆಗೆದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಲೇಬೇಕು.

ಸಾಮಾನ್ಯ ಸ್ನಾನದ ಸಾಬೂನು ಕ್ಷಾರೀಯವಾಗಿರುವುದರಿಂದ ದಿನಕ್ಕೆ ಹಲವು ಸಲ ಬಳಸಿದರೆ ಚರ್ಮ ಒಣಗಿ ಒಡೆಯುತ್ತದೆ. ಚರ್ಮದ ಆಮ್ಲೀಯತೆಗೆ ಹೊಂದುವ ಮೃದು ಶುದ್ಧಕ ಅಥವಾ ಬರೀ ನೀರು ಮೇಲು. ಸತುವಿನ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರುವ ಕ್ರೀಮನ್ನು ದಪ್ಪಗೆ ಬಳಿದರೆ ಪ್ಯಾಡಿನ ಹೀರುವ ಶಕ್ತಿ ಕುಗ್ಗುತ್ತದೆ. ಪೌಡರ್ ಬೇಡ, ಅದು ಮಡಿಕೆಗಳಲ್ಲಿ ಗಂಟುಕಟ್ಟಿ ಉಜ್ಜುತ್ತದೆ.

ಪ್ರತಿ ಸಲ ಬದಲಿಸುವಾಗ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ತೊಡೆಯ ಸಂದು, ಹಿಮ್ಮಡಿ ನೋಡುವುದು ಆರೈಕೆದಾರರ ಅಭ್ಯಾಸವಾಗಲಿ. ಮೂಳೆಯ ಮೇಲಿನ ಕೆಂಪು ಭಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಮಾಸದೆ ಹಾಗೆಯೇ ಉಳಿದರೆ ಅದು ಒತ್ತಡದ ಹುಣ್ಣಿನ ಆರಂಭ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದಿರಬಹುದು. ಸುತ್ತಲಿಗಿಂತ ಬಿಸಿ, ಗಟ್ಟಿತನ ಅಥವಾ ನೋವು ಇದೆಯೇ ಎಂದು ಮುಟ್ಟಿ ನೋಡಬೇಕು. ತಾವಾಗಿ ಹೊರಳಲಾಗದವರಿಗೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಹಾಸಿಗೆಗೆ ನೀರಿಳಿಯದ ಹೊದಿಕೆ ಮತ್ತು ಒಂದೇ ಒಂದು ಹೀರುವ ಹಾಸು ಸಾಕು, ಪದರದ ಮೇಲೆ ಪದರ ಹಾಕಿದರೆ ಒತ್ತಡ ಹೆಚ್ಚುತ್ತದೆ. ಒದ್ದೆಯಾದ ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿ, ಬಟ್ಟೆ ತಾಳುವಂತಿದ್ದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಗೆಯಿರಿ.

ರಾತ್ರಿಯ ವ್ಯವಸ್ಥೆ

ಹಗಲಿಡೀ ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಪಾದ ಊದುವವರಿಗೆ ಮಧ್ಯಾಹ್ನ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟು ಒಂದೆರಡು ಗಂಟೆ ವಿಶ್ರಾಂತಿ ಕೊಟ್ಟರೆ ಆ ನೀರು ಸಂಜೆಯೊಳಗೇ ಹೊರಹೋಗುತ್ತದೆ, ರಾತ್ರಿ ಏಳುವುದು ಕಡಿಮೆಯಾಗುತ್ತದೆ. ಊತ ಹೊಸದಾಗಿದ್ದರೆ ವೈದ್ಯರಿಗೆ ತೋರಿಸಬೇಕು. ದಾರಿಯಲ್ಲಿ ಮಂದ ಬೆಳಕು, ಆರೈಕೆದಾರರನ್ನು ಕರೆಯಲು ಕೈಗೆಟುಕುವ ಗಂಟೆ ಇರಲಿ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಅಂಚಿನಲ್ಲಿ ಕುಳಿತೇ ನಿಲ್ಲಬೇಕು. ಗಾಢ ನಿದ್ರೆಯಲ್ಲಿರುವವರನ್ನು ಗಡಿಯಾರ ನೋಡಿ ಎಬ್ಬಿಸುವುದಕ್ಕಿಂತ ಹೆಚ್ಚು ಹೀರುವ ರಾತ್ರಿಯ ಪ್ಯಾಡ್ ಹಾಕಿ, ಅವರು ಎಚ್ಚರವಾದಾಗ ಅಥವಾ ಮಗ್ಗಲು ಬದಲಿಸುವಾಗ ನೋಡುವುದು ಇಬ್ಬರಿಗೂ ಒಳ್ಳೆಯದು.

ಕ್ಯಾತಿಟರ್ (ಮೂತ್ರವನ್ನು ಚೀಲಕ್ಕೆ ಹರಿಸಲು ಮೂತ್ರಕೋಶದೊಳಗೆ ಇರಿಸುವ ನಳಿಕೆ) ಹಾಕಿಸಿದರೆ ಎಲ್ಲ ಸುಲಭವಾದೀತೆಂಬ ಯೋಚನೆ ಇಂಥ ರಾತ್ರಿಗಳಲ್ಲೇ ಬರುತ್ತದೆ. ಮೂತ್ರ ಕಟ್ಟಿಕೊಂಡಾಗ ಅಥವಾ ಹುಣ್ಣು ಮಾಯಬೇಕಾದಾಗ ಅದು ಅಗತ್ಯವಾಗಬಹುದು. ಕೆಲಸ ತಗ್ಗಲೆಂದು ಮಾತ್ರ ಹಾಕಿಸಬಾರದು, ಏಕೆಂದರೆ ಒಳಗೆ ಉಳಿದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಹೋಗುತ್ತದೆ. ಹಾಕಿದ್ದರೆ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲ ಮುಟ್ಟಬಾರದು, ನಳಿಕೆ ಮಡಚಿಕೊಳ್ಳಬಾರದು.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭಗಳು

ಮೂತ್ರದಲ್ಲಿ ರಕ್ತ, ಚಳಿಜ್ವರ, ಮೂತ್ರ ಪೂರ್ತಿ ನಿಂತು ಕೆಳಹೊಟ್ಟೆ ಉಬ್ಬಿ ನೋಯುವುದು, ಒಂದೆರಡು ದಿನದಲ್ಲೇ ಕಾಣಿಸಿಕೊಂಡ ಗೊಂದಲ ಅಥವಾ ಅತಿಯಾದ ಮಂಪರು, ಕಪ್ಪು ಅಥವಾ ರಕ್ತಮಿಶ್ರಿತ ಮಲ, ಇವು ಕಾಯಬಾರದ ಲಕ್ಷಣಗಳು. ಬೆನ್ನುನೋವಿನೊಂದಿಗೆ ಕಾಲು ಸೋತು, ತೊಡೆಗಳ ಸಂದು ಜೋಮು ಹಿಡಿದು, ಹಠಾತ್ತನೆ ಮೂತ್ರ ಮಲಗಳ ಹಿಡಿತ ತಪ್ಪಿದರೆ ಬೆನ್ನುಹುರಿಯ ನರಗಳು ಒತ್ತಲ್ಪಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆರೈಕೆದಾರರ ವಿಶ್ರಾಂತಿ

ಮನೆಯಲ್ಲೇ ಇರುತ್ತಾರೆಂದ ಮಾತ್ರಕ್ಕೆ ಅವರು ಇಪ್ಪತ್ತನಾಲ್ಕು ಗಂಟೆಯೂ ಕೆಲಸದಲ್ಲಿದ್ದಾರೆಂದು ಭಾವಿಸುವುದು ಅನ್ಯಾಯ, ಮತ್ತು ಹಿರಿಯರಿಗೂ ಅಪಾಯ. ರಾತ್ರಿ ಮೂರು ನಾಲ್ಕು ಸಲ ಎದ್ದವರ ಕೈಯಲ್ಲಿ ಮರುದಿನ ಹಿರಿಯರು ಜಾರಬಹುದು, ಔಷಧ ತಪ್ಪಬಹುದು, ಮಾತು ಒರಟಾಗಬಹುದು. ರಾತ್ರಿ ಪದೇಪದೇ ಏಳಬೇಕಾಗಿದ್ದರೆ ಹಗಲಿನಲ್ಲಿ ಯಾರೂ ಕರೆಯದ ನಿದ್ರೆಯ ಹೊತ್ತನ್ನು ಗೊತ್ತುಮಾಡಿ ಕೊಡಿ, ವಾರಕ್ಕೆ ಕೆಲವು ರಾತ್ರಿಗಳನ್ನು ಮನೆಯವರು ವಹಿಸಿಕೊಳ್ಳಿ, ರಾತ್ರಿಯ ದುಡಿಮೆಯನ್ನು ವೇತನದಲ್ಲಿ ಬೇರೆಯಾಗಿ ಲೆಕ್ಕಹಾಕಿ. ಭಾರವಾದ ದೇಹವನ್ನು ಒಬ್ಬರೇ ಎತ್ತುವಂತೆ ಎಂದೂ ಬಿಡಬೇಡಿ. ಹೊರಳಿಸಲು ಜಾರುವ ಹಾಸು ಕೊಡಿ, ಮಂಚದ ಎತ್ತರ ಅವರ ಸೊಂಟದ ಮಟ್ಟಕ್ಕೆ ಬರುವಂತೆ ಮಾಡಿ.

ವಾರದ ರಜೆ ತಪ್ಪದೆ ಸಿಗಬೇಕು. ಆ ದಿನ ಬರುವ ಬದಲಿ ವ್ಯಕ್ತಿ ಅಥವಾ ಮನೆಯ ಸದಸ್ಯರು ಅದಕ್ಕೆ ಮೊದಲೇ ಒಂದು ಹಗಲು ಒಂದು ರಾತ್ರಿ ಖಾಯಂ ಆರೈಕೆದಾರರ ಜೊತೆಗಿದ್ದು, ಎಷ್ಟು ಹೊತ್ತಿಗೊಮ್ಮೆ ಕರೆದೊಯ್ಯಬೇಕು, ಹೇಗೆ ಎಬ್ಬಿಸಬೇಕು, ಯಾವ ಮಗ್ಗುಲಿನಲ್ಲಿ ನೋವಿದೆ, ಹಿರಿಯರಿಗೆ ಯಾವ ಮಾತು ಹಿಡಿಸುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿ ಕಲಿತಿರಲಿ.